ಟೋಕಿಯೊದಲ್ಲಿ ಬೆಟ್ಟ ಹತ್ತಲು ಒಂದು ಭಾನುವಾರ

ಪ್ರಶ್ನೆ: ನವೆಂಬರ್ ಕೊನೆಗೆ ಕಚೇರಿ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ. ಬಿಡುವು ಸಿಗುವುದು ಒಂದೇ ಭಾನುವಾರ. ಟಕಾವೊ ಬೆಟ್ಟ ಹತ್ತಿ, ಅಲ್ಲಿಂದ ಬೆಟ್ಟಸಾಲಿನ ಮೇಲೆಯೇ ನಡೆದು ಜಿಂಬಾ ಶಿಖರವನ್ನೂ ನೋಡಿ ಬರುವ ಆಸೆ. ಕುಮಾರ ಪರ್ವತ ಹತ್ತಿ ಅಭ್ಯಾಸವಿದೆ. ಒಬ್ಬಳೇ ಹೋಗಬಹುದೇ?
— ಓದುಗರು, ಬೆಂಗಳೂರು

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಆದರೆ ಜಿಂಬಾವನ್ನು ಈ ಸಲಕ್ಕೆ ಬಿಟ್ಟುಬಿಡಿ. ಕುಮಾರ ಪರ್ವತ ಹತ್ತಿದವರಿಗೆ 599 ಮೀಟರಿನ ಟಕಾವೊ ಆಗಲಿ, 855 ಮೀಟರಿನ ಜಿಂಬಾ ಆಗಲಿ ಕಷ್ಟವಲ್ಲ. ನಿಮಗೆ ಸಾಲದೆ ಬರುವುದು ಹಗಲು.

ಆ ದಿನಗಳಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಟೋಕಿಯೊದಲ್ಲಿ ನಾಲ್ಕೂವರೆಗೆಲ್ಲ ಮುಳುಗಿರುತ್ತಾನೆ. ಅದು ನಮಗಿಂತ ಬಹಳ ಉತ್ತರಕ್ಕಿರುವುದರಿಂದ ಚಳಿಗಾಲದ ಹಗಲೇ ಚಿಕ್ಕದು. ಜೊತೆಗೆ ಗಡಿಯಾರದ ಲೆಕ್ಕವೂ ಸೇರಿಕೊಳ್ಳುತ್ತದೆ. ಜಪಾನಿನ ಸಮಯ 135 ಡಿಗ್ರಿ ಪೂರ್ವ ರೇಖಾಂಶದ್ದು, ಟೋಕಿಯೊ ಇರುವುದು ಅದಕ್ಕೂ ಸುಮಾರು 5 ಡಿಗ್ರಿ ಪೂರ್ವಕ್ಕೆ. ಬೆಂಗಳೂರಾದರೋ ಭಾರತದ 82.5 ಡಿಗ್ರಿ ರೇಖೆಗಿಂತ ಸುಮಾರು ಅಷ್ಟೇ ಪಶ್ಚಿಮಕ್ಕಿದೆ. ಹಾಗಾಗಿ ‘ಈಗಿನ್ನೂ ನಾಲ್ಕು ಗಂಟೆ’ ಎಂದು ನಿಧಾನಿಸುವ ನಮ್ಮ ರೂಢಿ ಅಲ್ಲಿ ಅಪಾಯಕ್ಕೆ ದಾರಿ. ಎತ್ತರದ ಸುಗಿ ಮರಗಳ ಕೆಳಗಂತೂ ಸೂರ್ಯ ಮುಳುಗುವ ಮೊದಲೇ ಕಾಲ್ದಾರಿ ಕಾಣದಾಗುತ್ತದೆ.

ಹೊಸ ಊರಿನ ಬೆಟ್ಟಕ್ಕೆ ಹೊರಡುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಇಳಿಯುವ ಹೊತ್ತನ್ನು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನೀವು ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ಇಳಿಯತೊಡಗಿ. ಶಿಖರ ಕಣ್ಣೆದುರೇ ಇದ್ದರೂ ಸರಿ, ತಿರುಗಿಬಿಡಿ. ಜಿಂಬಾದವರೆಗಿನ ನಡಿಗೆಗೆ ಇಡೀ ದಿನ ಬೇಕು, ಅದನ್ನು ಮೇ ತಿಂಗಳ ಉದ್ದನೆಯ ಹಗಲಿಗೆ ಇಟ್ಟುಕೊಳ್ಳಿ.

ಶಿಂಜುಕುವಿನಿಂದ ಕೇಯೊ ಮಾರ್ಗದ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಟಕಾವೊಸಾನ್‌ಗುಚಿ ನಿಲ್ದಾಣ. ಅದು ಬೆಟ್ಟದ ಬುಡವೇ. ಬೆಳಿಗ್ಗೆ ಏಳರ ಆಸುಪಾಸಿಗೆ ಹೊರಡಿ. ಮೇಪಲ್ ಎಲೆ ಕೆಂಪಾಗುವ ಕಾಲ ಅದು, ಹತ್ತು ಗಂಟೆಯಾದರೆ ಹೆಜ್ಜೆ ಹೆಜ್ಜೆಗೂ ಜನ. ಬೆಳಗಿನ ಗಾಳಿ ತಿಳಿಯಾಗಿದ್ದರೆ ತುದಿಯಿಂದ ಫುಜಿಯೂ ಕಾಣುತ್ತದೆ. ಹತ್ತುವುದಕ್ಕೆ 6ನೇ ಹಾದಿ ನನಗೆ ಇಷ್ಟ. ತೊರೆಯ ಬದಿಯಲ್ಲೇ ಸಾಗುತ್ತದೆ, ಮೇಲ್ಭಾಗದಲ್ಲಿ ಹರಿಯುವ ನೀರಿನ ನಡುವೆ ಕಲ್ಲಿಂದ ಕಲ್ಲಿಗೆ ಕಾಲಿಡಬೇಕು, ಹಾಗಾಗಿ ಜಾರದ ಶೂ ಬೇಕೇ ಬೇಕು. ತುದಿಗೆ ಒಂದೂವರೆ ಗಂಟೆ. ಇಳಿಯುವಾಗ 1ನೇ ಹಾದಿಯಲ್ಲಿ ಬನ್ನಿ, 744ರಲ್ಲಿ ಸ್ಥಾಪನೆಯಾಯಿತೆನ್ನುವ ಯಾಕುಒಇನ್ ದೇವಾಲಯ ಅದರಲ್ಲೇ ಸಿಗುತ್ತದೆ.

ಒಬ್ಬರೇ ಇರುವುದರಿಂದ ಯಾವ ಹಾದಿ, ಎಷ್ಟು ಗಂಟೆಗೆ ವಾಪಸ್ ಎಂಬುದನ್ನು ಹೋಟೆಲಿನ ಕೌಂಟರಿನಲ್ಲಿ ಬರೆದುಕೊಟ್ಟು ಹೊರಡಿ. ಆಂಬುಲೆನ್ಸ್ ಬೇಕಾದರೆ 119, ಪೊಲೀಸರಿಗೆ 110. ಚೀಲದಲ್ಲಿ ಒಂದು ಪುಟ್ಟ ಟಾರ್ಚ್ ಇರಲಿ.

ಪ್ರಶ್ನೆ: ಮಗನ ಮನೆಗೆಂದು ಟೋಕಿಯೊಗೆ ಬಂದಿದ್ದೇವೆ. ನನಗೆ 68 ವರ್ಷ, ಮಂಡಿನೋವು. ಟಕಾವೊ ಸಾಧ್ಯವೇ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಸಾಧ್ಯ, ಅಮ್ಮ. 1927ರಿಂದ ಓಡುತ್ತಿರುವ ಕೇಬಲ್ ಕಾರ್ ಇದೆ, ಬೆಟ್ಟದ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಅದೇ ಏರಿಸುತ್ತದೆ. ಅಲ್ಲಿಂದ ದೇವಾಲಯದ ಕಡೆಗೆ ಹೋಗುವ ಹಾದಿ ಗಟ್ಟಿ ನೆಲದ್ದು. ನಡುವೆ ಅದು ಕವಲಾಗುತ್ತದೆ: ಒಂದು ಕಡೆ 108 ಮೆಟ್ಟಿಲು, ಇನ್ನೊಂದು ಕಡೆ ಇಳಿಜಾರಿನ ದಾರಿ. ನೀವು ಎರಡನೆಯದನ್ನೇ ಹಿಡಿಯಿರಿ. ದೇವಾಲಯದಲ್ಲೂ ಅದರಾಚೆಗೂ ಮೆಟ್ಟಿಲು ಇವೆ, ಅಲ್ಲಿಯವರೆಗೆ ಹೋಗಿ ಮರಳಿದರೂ ದಿನ ತುಂಬಿದಂತೆಯೇ. ಮಂಡಿಗೆ ಇಳಿಯುವಾಗಲೇ ಹೆಚ್ಚು ಪೆಟ್ಟು, ಆದ್ದರಿಂದ ಬರುವಾಗಲೂ ಕೇಬಲ್ ಕಾರ್ ಇರಲಿ. ಕೊನೆಯ ಗಾಡಿಯ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹತ್ತುವ ಮುಂಚೆ ನಿಲ್ದಾಣದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೆಟ್ಟದ ಮೇಲೆ ಊಟಕ್ಕೆ ಏನು ಮಾಡುವುದು?
— ಓದುಗರು, ಶಿರಸಿ

ಉತ್ತರ: ಬುತ್ತಿ ಕಟ್ಟಿಕೊಂಡು ಹೋಗಿ. ಟಕಾವೊದಲ್ಲಿ ಹೆಸರುವಾಸಿಯಾದದ್ದು ತುರಿದ ಗೆಣಸಿನ ಲೋಳೆ ಹಾಕಿಕೊಡುವ ಸೋಬಾ ಎಂಬ ನೂಡಲ್ಸ್. ನೋಡಲು ಸಸ್ಯಾಹಾರವೇ, ಆದರೆ ಅದರ ಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದ ಕುದಿಸಿರುತ್ತಾರೆ. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಹಸಿ ಕರಿಬೇವು, ಹಣ್ಣು ಒಯ್ಯಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಜಪಾನಿನ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಬೆಟ್ಟದ ಮೇಲೆ ಕಸದ ಬುಟ್ಟಿಯನ್ನು ನಂಬಿಕೊಳ್ಳುವಂತಿಲ್ಲ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಹೋಟೆಲಿಗೆ ಬರಬೇಕು, ಅದಕ್ಕೊಂದು ಖಾಲಿ ಕವರ್ ಇಟ್ಟುಕೊಳ್ಳಿ.