ಲೋಹದ ಹೊಳಪು, ಕಾಗದದ ಬಿಳುಪು
(ಜಲವರ್ಣದಲ್ಲಿ ಲೋಹವಸ್ತುಗಳ ಚಿತ್ರಣ: ಒಂದು ಪಾಠ)

ಪ್ರೌಢಶಾಲೆಯ ಚಿತ್ರಕಲಾ ತರಗತಿಯಲ್ಲಿ ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆಯೊಂದನ್ನಿಟ್ಟು, ಅದನ್ನು ಜಲವರ್ಣದಲ್ಲಿ ಬರೆಯುವಂತೆ ಹೇಳಿದರೆ, ಹೆಚ್ಚಿನ ಮಕ್ಕಳು ಮಾಡುವ ಮೊದಲ ಕೆಲಸವೆಂದರೆ ಪೆಟ್ಟಿಗೆಯಲ್ಲಿ ಹಳದಿ ಬಣ್ಣವನ್ನು ಹುಡುಕುವುದು. ಹಿತ್ತಾಳೆ ಹಳದಿಯೆಂಬುದು ಅವರಿಗೆ ಗೊತ್ತು. ತಂಬಿಗೆಯ ರೇಖೆಯೊಳಗೆ ಆ ಹಳದಿಯನ್ನು ಸಮನಾಗಿ ತುಂಬಿ, ಒಂದು ಬದಿಗೆ ಕಂದು ನೆರಳನ್ನೆಳೆದು ಚಿತ್ರವನ್ನು ಮುಗಿಸುತ್ತಾರೆ. ಆಕಾರವೇನೋ ತಂಬಿಗೆಯದೇ ಆಗಿರುತ್ತದೆ. ನೋಡಿದವರಿಗೆ ಮಾತ್ರ ಅದು ಹಳದಿ ಬಳಿದ ಮಣ್ಣಿನ ಪಾತ್ರೆಯಂತೆ ತೋರುತ್ತದೆ. ಮಗುವಿನ ಕೈ ತಪ್ಪಿಲ್ಲ. ಅದು ತಾನು ಕಂಡುದನ್ನು ಬಿಟ್ಟು, ತಾನು ಬಲ್ಲುದನ್ನು ಬರೆದಿದೆ. ಈ ಎರಡರ ನಡುವಣ ಅಂತರವನ್ನು ತಿಳಿಸಿಕೊಡುವುದಕ್ಕೆ ಲೋಹದ ಪಾತ್ರೆಗಿಂತ ಮಿಗಿಲಾದ ಗುರು ವಿರಳ.

ರಾಜ್ಯದಲ್ಲಿ ನಡೆಯುವ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಲ್ಲಿ ವಸ್ತುಚಿತ್ರಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಅದಕ್ಕೆ ಬೇಕಾದ ವಸ್ತುಗಳನ್ನು ಪರಸ್ಥಳದಿಂದ ತರಿಸಬೇಕಾಗಿಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಇಂದು ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ತಂಬಿಗೆ, ಕೊಡ, ಗಂಗಾಳ, ನೀರೊಲೆಯ ತಾಮ್ರದ ಹಂಡೆ, ರೊಟ್ಟಿಯ ಹಂಚು, ಎತ್ತಿನ ಕೊಂಬಿನ ಕೋಡಣಸು ಇನ್ನೂ ಸಿಗುತ್ತವೆ. ಕೊಟ್ಟೂರಿನ ತೇರಿಗೆ ಹೋದ ಮಗು ನಂದಿಕೋಲಿನ ಹಿತ್ತಾಳೆಯ ಫಲಕಗಳ ಮೇಲೆ ಬಿಸಿಲು ಹೊರಳುವುದನ್ನು ಕಂಡಿರುತ್ತದೆ. ಮೈಲಾರದ ಜಾತ್ರೆಗೆ ಹೋದ ಮಗು ಸರಪಳಿ ಪವಾಡದ ಕಬ್ಬಿಣವನ್ನು ಕಂಡಿರುತ್ತದೆ. ಕಂಡದ್ದನ್ನು ಕಾಗದಕ್ಕಿಳಿಸುವ ಬಗೆಯೇ ಈ ಪಾಠದ ವಿಷಯ.

1. ಮಣ್ಣಿನ ಗಡಿಗೆಯೂ ಹಿತ್ತಾಳೆಯ ತಂಬಿಗೆಯೂ

ಮೊದಲು ಮಣ್ಣಿನ ಗಡಿಗೆಯನ್ನೂ ಹುಣಸೆಹಣ್ಣಿನಿಂದ ತಿಕ್ಕಿದ ತಂಬಿಗೆಯನ್ನೂ ಒಂದೇ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಇಡತಕ್ಕದ್ದು. ಗಡಿಗೆಯ ಮೈ ಒರಟು. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಆದಕಾರಣ ಬೆಳಕು ಮೆಲ್ಲಮೆಲ್ಲನೆ ನೆರಳಾಗುತ್ತದೆ, ಗಡಿಗೆಯ ಕೆಂಪು ಎಲ್ಲೆಡೆಯೂ ಕೆಂಪಾಗಿಯೇ ಉಳಿಯುತ್ತದೆ. ತಂಬಿಗೆಯ ಮೈ ನುಣುಪು. ಅದು ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಅದರ ಹೊಟ್ಟೆಯ ಮೇಲೆ ಕಿಟಕಿ ಕಾಣುತ್ತದೆ, ಬಾಗಿಲ ಚೌಕಟ್ಟು ಕಾಣುತ್ತದೆ, ಕೆಂಪು ಗಾರೆಯ ನೆಲ ಕಾಣುತ್ತದೆ, ಬರೆಯುತ್ತ ಕುಳಿತ ವಿದ್ಯಾರ್ಥಿಯೂ ಕಾಣುತ್ತಾನೆ. ಎಲ್ಲವೂ ಪಾತ್ರೆಯ ದುಂಡಿಗೆ ತಕ್ಕಂತೆ ಬಾಗಿ, ಕಿರಿದಾಗಿರುತ್ತವೆ. ಅಚ್ಚ ಬಿಳುಪಿನ ಮಗ್ಗುಲಲ್ಲೇ ಕಡುಗಪ್ಪು ನಿಂತಿರುತ್ತದೆ. ಎರಡರ ನಡುವೆ ಮೆಲ್ಲನೆ ಕರಗುವ ಛಾಯೆ ಇರುವುದಿಲ್ಲ.

ಆದರೂ ತಂಬಿಗೆಯು ಬರಿಯ ಕನ್ನಡಿಯಲ್ಲ. ತಾಮ್ರವು ತನ್ನ ಮೇಲೆ ಬಿದ್ದ ಬೆಳಕಿನ ನೀಲಿ ಭಾಗವನ್ನು ಬಹುಪಾಲು ಹೀರಿ, ಕೆಂಪನ್ನು ಮರಳಿಸುತ್ತದೆ. ಸಾಮಾನ್ಯ ಹಿತ್ತಾಳೆಯಲ್ಲಿ ಸುಮಾರು ಎರಡು ಪಾಲು ತಾಮ್ರಕ್ಕೆ ಒಂದು ಪಾಲು ಸತು ಬೆರೆತಿರುವುದರಿಂದ ಆ ಕೆಂಪು ಹಳದಿಯಾಗುತ್ತದೆ. ಬೆಳ್ಳಿಯೂ ಉಕ್ಕೂ ಎಲ್ಲ ಬಣ್ಣಗಳನ್ನು ಹೆಚ್ಚುಕಡಿಮೆ ಸಮನಾಗಿ ಮರಳಿಸುತ್ತವೆ. ಆದುದರಿಂದ ಬಿಳಿಯ ಪಂಚೆ ಉಕ್ಕಿನಲ್ಲಿ ಬಿಳಿಯಾಗಿಯೂ ಹಿತ್ತಾಳೆಯಲ್ಲಿ ಹೊಂಬಣ್ಣವಾಗಿಯೂ ಕಾಣುತ್ತದೆ. ಕೆಂಪು ನೆಲ ತಾಮ್ರದಲ್ಲಿ ಇನ್ನೂ ಕೆಂಪಾಗುತ್ತದೆ. ಲೋಹದ ಬಣ್ಣವೆಂದರೆ ಸುತ್ತಣ ಲೋಕದ ಬಣ್ಣ, ಆ ಲೋಹದ ಜರಡಿಯಲ್ಲಿ ಸೋಸಿ ಬಂದದ್ದು. ಈ ಒಂದು ಮಾತು ಮನದಟ್ಟಾದರೆ ಪಾಠದ ಅರ್ಧ ಮುಗಿದಂತೆಯೇ.

2. ಬಿಳುಪನ್ನು ಕಾಯುವುದು

ತೈಲವರ್ಣದ ಚಿತ್ರಕಾರನು ಹೊಳಪನ್ನು ಕೊನೆಯಲ್ಲಿ ಇಡುತ್ತಾನೆ. ದಪ್ಪನಾದ ಬಿಳಿ ಬಣ್ಣದ ಒಂದು ಚುಕ್ಕೆಯಿಂದ ಪಾತ್ರೆ ಮಿನುಗುತ್ತದೆ. ಜಲವರ್ಣದ ಮಾರ್ಗ ಇದಕ್ಕೆ ತಿರುವುಮುರುವು. ಇಲ್ಲಿ ಬಣ್ಣ ಪಾರದರ್ಶಕ. ಬೆಳಕು ಬಣ್ಣದ ಪದರವನ್ನು ದಾಟಿ ಕಾಗದವನ್ನು ಮುಟ್ಟಿ ಹಿಂದಿರುಗುತ್ತದೆ. ಬಿಳುಪೆಂದರೆ ಕಾಗದವೇ. ಅದನ್ನು ಮೊದಲೇ ಗುರುತಿಸಿ ಬಿಡಬೇಕು. ಒಮ್ಮೆ ಕುಂಚ ಹಾಯ್ದರೆ ಆ ಬಿಳುಪು ಪೂರ್ತಿಯಾಗಿ ಮರಳದು. ಆಮೇಲೆ ಪೋಸ್ಟರ್ ಬಿಳಿಯನ್ನು ಹಚ್ಚಿದರೆ ಅಲ್ಲಿ ಸುಣ್ಣದ ಕಲೆಯೊಂದು ಕೂತಂತಾಗುತ್ತದೆ. ದಪ್ಪ ಕಾಗದವಾದರೆ ಬ್ಲೇಡಿನ ತುದಿಯಿಂದ ಸಣ್ಣ ಮಿಂಚನ್ನು ಕೆರೆದು ತೆಗೆಯಬಹುದಾದರೂ ಅದನ್ನು ಅಭ್ಯಾಸ ಮಾಡಿಕೊಳ್ಳುವುದು ತರವಲ್ಲ.

ಇಲ್ಲಿ ಮತ್ತೊಂದು ತೊಡಕುಂಟು. ತಂಬಿಗೆಯ ಮೇಲಿನ ನಿಜವಾದ ಹೊಳಪು ಕಣ್ಣು ಕೋರೈಸುವಂಥದು. ಕಾಗದದ ಬಿಳುಪಿಗೆ ಆ ಶಕ್ತಿಯಿಲ್ಲ. ಹಿನ್ನೆಲೆಯ ಗೋಡೆಯನ್ನು ಬರಿಯ ಕಾಗದವಾಗಿ ಬಿಟ್ಟ ವಿದ್ಯಾರ್ಥಿಯ ಚಿತ್ರದಲ್ಲಿ ಹೊಳಪು ಸತ್ತಿರುವುದಕ್ಕೆ ಇದೇ ಕಾರಣ. ಗೋಡೆಯೂ ಅಷ್ಟೇ ಬಿಳಿ, ಹೊಳಪೂ ಅಷ್ಟೇ ಬಿಳಿ. ಸುಣ್ಣ ಬಳಿದ ಗೋಡೆಯೇ ಆಗಿದ್ದರೂ ಅದಕ್ಕೊಂದು ತೆಳುವಾದ ಬೂದು ಛಾಯೆಯನ್ನು ಮೊದಲು ಹರಿಸಬೇಕು. ಸುತ್ತಲಿನದೆಲ್ಲ ಒಂದು ಮೆಟ್ಟಿಲು ಕೆಳಗಿಳಿದಾಗ ಬಿಟ್ಟ ಬಿಳುಪು ತಾನೇ ತಾನಾಗಿ ಬೆಳಗುತ್ತದೆ.

ಇಂಥ ತಾಳ್ಮೆಯ ಕಲೆಗೆ ಕನ್ನಡನಾಡಿನಲ್ಲಿ ಆದರ್ಶಗಳ ಕೊರತೆಯಿಲ್ಲ. 1965ರಲ್ಲಿ ಕಾಲವಾದ ಕೆ. ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳನ್ನೂ ರುಮಾಲೆ ಚನ್ನಬಸವಯ್ಯನವರ (1910–1988) ಬೆಂಗಳೂರಿನ ದೃಶ್ಯಗಳನ್ನೂ ನೋಡಿದವರು ಬೆಳಕನ್ನು ಕಾಯ್ದುಕೊಳ್ಳುವುದೆಂದರೇನೆಂದು ಅರಿಯುತ್ತಾರೆ. ಅವರು ಬರೆದುದು ಬೆಟ್ಟವನ್ನು, ಮರವನ್ನು. ಆದರೆ ಪಾಠ ತಂಬಿಗೆಗೂ ಸಲ್ಲುತ್ತದೆ.

3. ತಂಬಿಗೆಯ ಚಿತ್ರಣಕ್ರಮ

ಬೆಳಕು ಒಂದೇ ಕಡೆಯಿಂದ ಬರಬೇಕು. ಉತ್ತರದ ಕಿಟಕಿಯ ಬೆಳಕು ಸ್ಥಿರವೆಂದು ಯುರೋಪಿನ ಗ್ರಂಥಗಳು ಹೇಳುತ್ತವೆ. ಆ ಮಾತು ಈ ಸೀಮೆಗೆ ಪೂರ್ತಿಯಾಗಿ ಹೊಂದದು. ಕೂಡ್ಲಿಗಿಯ ಸುತ್ತಣ ಪ್ರದೇಶವು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಕೊಂಚ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳುವಾದ ಹಳೆಯ ಪಂಚೆಯನ್ನು ಕಟ್ಟುವುದು ಒಳ್ಳೆಯದು. ಬೇಸಿಗೆಯ ಒಣಹವೆಯಲ್ಲಿ ಬಣ್ಣವು ಕುಂಚ ಹಿಂದಿರುಗುವ ಮೊದಲೇ ಆರಿ ಅಂಚುಗಟ್ಟುತ್ತದೆಯಾದ್ದರಿಂದ ಬೆಳಗಿನ ಹೊತ್ತೇ ಅಭ್ಯಾಸಕ್ಕೆ ಮೇಲು.

ಮೊದಲು ಪೆನ್ಸಿಲಿನಲ್ಲಿ ನಡುರೇಖೆಯೊಂದನ್ನೆಳೆದು ಎರಡು ಬದಿಯನ್ನೂ ಸರಿದೂಗಿಸಬೇಕು. ಬಾಯಿಯೂ ತಳವೂ ಅಂಡಾಕಾರವಾಗಿ ಕಾಣುತ್ತವೆ. ಕಣ್ಣಿನ ಮಟ್ಟಕ್ಕೆ ಹತ್ತಿರವಾದ ಬಾಯಿ ಚಪ್ಪಟೆ, ದೂರವಾದ ತಳ ಹೆಚ್ಚು ದುಂಡು. ರಬ್ಬರನ್ನು ಮಿತವಾಗಿ ಬಳಸಬೇಕು. ಉಜ್ಜಿದ ಕಾಗದದ ನಾರೆದ್ದು ಬಣ್ಣ ಮಚ್ಚೆಗಟ್ಟುತ್ತದೆ. ಅನಂತರ ಹೊಳಪುಗಳ ಗಡಿಯನ್ನು ತೆಳುವಾಗಿ ಗುರುತಿಸಬೇಕು. ಹೊತ್ತು ಸರಿದಂತೆ ಅವು ಜಾಗ ಬದಲಿಸುತ್ತವೆ. ಮೊದಲು ಗುರುತಿಸಿದುದನ್ನೇ ನೆಚ್ಚಬೇಕಲ್ಲದೆ ಅವುಗಳ ಬೆನ್ನು ಹತ್ತಬಾರದು.

ಆಮೇಲೆ ಕಣ್ಣನ್ನು ಅರೆ ಮುಚ್ಚಿ ನೋಡಬೇಕು. ಆಗ ಸಣ್ಣ ವಿವರಗಳು ಮರೆಯಾಗಿ ಬಿಳುಪು, ನಡುಛಾಯೆ, ಕಪ್ಪು ಎಂಬ ಮೂರೇ ಭಾಗಗಳು ಉಳಿಯುತ್ತವೆ. ಹಿನ್ನೆಲೆಯ ಛಾಯೆ ಆರಿದ ಬಳಿಕ, ಹೊಳಪನ್ನು ಬಿಟ್ಟು ಉಳಿದ ಮೈಗೆ ನೀರಾದ ಯೆಲ್ಲೋ ಓಕರ್ ಹರಿಸಬೇಕು. ಅದು ಪೂರ್ತಿ ಆರಿದ ಮೇಲೆ ಓಕರ್ ಜೊತೆಗೆ ಬರ್ಂಟ್ ಸಿಯೆನ್ನಾ ಬೆರೆಸಿ ನಡುಛಾಯೆಗಳನ್ನು ಇಡಬೇಕು. ಕಡೆಯದಾಗಿ ಕಪ್ಪುಗಳು. ಪೆಟ್ಟಿಗೆಯಲ್ಲಿನ ಕಪ್ಪು ಬಣ್ಣ ಇಲ್ಲಿ ಮಂಕು. ಬರ್ಂಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿಯನ್ನು ಸೇರಿಸಿದರೆ ಜೀವವುಳ್ಳ ಕಪ್ಪು ದೊರೆಯುತ್ತದೆ. ಅದನ್ನು ಅಂಚು ಚೂಪಾಗಿರುವಂತೆ, ಬಿಳುಪಿನ ಮಗ್ಗುಲಲ್ಲೇ, ಒಂದೇ ಏಟಿಗೆ ಇಟ್ಟು ಕೈ ತೆಗೆಯಬೇಕು. ತಂಬಿಗೆಯು ಹೊಳೆಯತೊಡಗುವುದು ಈ ಕ್ಷಣದಲ್ಲಿ. ಹೊಳಪನ್ನು ಯಾರೂ ಬರೆಯಲಿಲ್ಲ; ಪಕ್ಕದ ಕಪ್ಪು ಅದನ್ನು ತೋರಿಸಿಕೊಟ್ಟಿತು.

ಉಳಿದದ್ದು ತಳಭಾಗ. ಅಲ್ಲಿ ನೆಲದ ಕೆಂಪು ಪಾತ್ರೆಗೆ ಏರಿರುತ್ತದೆ. ಪಾತ್ರೆಯ ಹೊಂಬಣ್ಣ ನೆಲದ ನೆರಳಿಗೆ ಇಳಿದಿರುತ್ತದೆ. ಈ ಕೊಡುಕೊಳೆಯನ್ನು ಬರೆದಾಗ ತಂಬಿಗೆಯು ನೆಲದ ಮೇಲೆ ಕೂರುತ್ತದೆ. ಬರೆಯದಿದ್ದಾಗ ಗಾಳಿಯಲ್ಲಿ ತೇಲುತ್ತದೆ.

4. ಬೇರೆ ಲೋಹಗಳು

ತಾಮ್ರದ ಹಂಡೆಗೆ ಕ್ರಮ ಇದೇ. ಓಕರ್ ಕಡಿಮೆ, ಸಿಯೆನ್ನಾ ಹೆಚ್ಚು. ಒಲೆಯ ಮೇಲಿದ್ದ ಹಂಡೆಯ ತಳಕ್ಕೆ ಮಸಿ ಹಿಡಿದಿರುವುದರಿಂದ ಅಲ್ಲಿ ಪ್ರತಿಬಿಂಬವಿರದು. ಒಂದೇ ವಸ್ತುವಿನಲ್ಲಿ ಕನ್ನಡಿಯೂ ಮಣ್ಣೂ ಕೂಡಿದಂತಿರುತ್ತದೆ. ಸ್ಟೀಲಿನ ಕೊಡಕ್ಕೆ ಬೂದು ಬಣ್ಣವೆಂದು ಮಕ್ಕಳು ತಿಳಿಯುತ್ತಾರೆ. ನೋಡಿದರೆ ಅಲ್ಲಿ ಆಕಾಶದ ನೀಲಿ, ಗೋಡೆಯ ಕೆನೆಬಣ್ಣ, ನೆಲದ ಕಂದು ಇವೆಯೇ ಹೊರತು ಬೂದು ಸ್ವಲ್ಪವೇ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವಿಲ್ಲೆಮ್ ಹೇಡ ಬೆಳ್ಳಿಯ ಮತ್ತು ತವರದ ಪಾತ್ರೆಗಳನ್ನು ಕೆಲವೇ ಮಂದವರ್ಣಗಳಿಂದ ತೈಲದಲ್ಲಿ ಚಿತ್ರಿಸಿ ಹೆಸರಾದನು. ಬಣ್ಣಗಳ ಸಂಖ್ಯೆಗಿಂತ ಛಾಯೆಗಳ ಅಳತೆ ಮುಖ್ಯವೆಂಬುದಕ್ಕೆ ಆತನ ಚಿತ್ರಗಳೇ ಸಾಕ್ಷಿ.

ರೊಟ್ಟಿಯ ಹಂಚು, ಕುಡುಗೋಲು, ಸರಪಳಿ ಇವು ಕಬ್ಬಿಣದವು. ಕುಡುಗೋಲಿನ ಮಸೆದ ಅಂಚು ಮಾತ್ರ ಬೆಳ್ಳಗೆ ಮಿಂಚುತ್ತದೆ, ಉಳಿದ ಮೈ ಬೆಳಕನ್ನು ನುಂಗುತ್ತದೆ. ವಿಭೂತಿಯಿಂದ ಉಜ್ಜಿದ ಬೆಳ್ಳಿಯ ಕರಡಿಗೆಯಲ್ಲಿ ಉಬ್ಬಿದ ಭಾಗ ಬೆಳ್ಳಗಿದ್ದು, ಕೆತ್ತನೆಯ ತಗ್ಗಿನಲ್ಲಿ ಕಪ್ಪು ಉಳಿದಿರುತ್ತದೆ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಆದ ಕಪ್ಪದು. ಕೆತ್ತನೆ ಎದ್ದು ಕಾಣುವುದು ಅದರಿಂದಲೇ.

ಈ ತತ್ತ್ವವನ್ನು ಕರ್ನಾಟಕದ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಅರಿತಿದ್ದರು. ಬೀದರಿನ ಬಿದರಿ ಪಾತ್ರೆಗಳಲ್ಲಿ ಬಹುಪಾಲು ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆಯು ಕಪ್ಪಿನ ಮಗ್ಗುಲಲ್ಲಿಟ್ಟ ಬಿಳುಪಿನ ಪಾಠವೇ ಆಗಿದೆ.

5. ಬಣ್ಣದೊಳಗಿನ ಕಬ್ಬಿಣ

ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಸ್ವಾರಸ್ಯವೊಂದುಂಟು. ಓಕರ್, ಸಿಯೆನ್ನಾ, ಅಂಬರ್ ಎಂಬ ವಿದೇಶೀ ಹೆಸರಿನ ಬಣ್ಣಗಳೆಲ್ಲ ಮೂಲತಃ ಕಬ್ಬಿಣದಂಶವುಳ್ಳ ಮಣ್ಣುಗಳು. ಹಳದಿ ಮಣ್ಣಿನಲ್ಲಿ ಕಬ್ಬಿಣವು ನೀರಿನಂಶದೊಡನೆ ಕೂಡಿರುತ್ತದೆ. ಸುಟ್ಟಾಗ ನೀರು ಹೋಗಿ ಅದು ಕೆಂಪಾಗುತ್ತದೆ. ‘ಬರ್ಂಟ್’ ಎಂಬ ಮಾತಿಗೆ ಸುಟ್ಟದ್ದೆಂದೇ ಅರ್ಥ. ಕೂಡ್ಲಿಗಿಯ ಹೊಲಗಳ ಕೆಮ್ಮಣ್ಣಿಗೂ ನೆರೆಯ ಸಂಡೂರಿನ ಬೆಟ್ಟಗಳ ಅದಿರಿಗೂ ಕೆಂಪನ್ನಿತ್ತದ್ದು ಇದೇ ಕಬ್ಬಿಣ. ಕುಂಬಾರನ ಆವಿಗೆಯಲ್ಲಿ ಗಡಿಗೆ ಕೆಂಪಾಗುವುದೂ ಇದರಿಂದಲೇ. ಲೋಹವನ್ನು ಬರೆಯುವ ಬಣ್ಣದಲ್ಲಿಯೂ ಲೋಹವಿದೆಯೆಂದು ತಿಳಿದ ಮಗುವಿಗೆ ವಿಜ್ಞಾನದ ಪಾಠವೂ ಚಿತ್ರದ ಪಾಠವೂ ಬೇರೆಬೇರೆಯಾಗಿ ತೋರವು.

6. ಶಾಲೆಗಳು ಮಾಡಬಹುದಾದುದು

ಈ ಪಾಠಕ್ಕೆ ಬೇಕಾದ ವಸ್ತುಗಳು ಮನೆಗಳಿಂದ ಒಂದೊಂದಾಗಿ ಮರೆಯಾಗುತ್ತಿರುವುದು ಮಾತ್ರ ಚಿಂತೆಯ ಸಂಗತಿ. ಹುಳಿಯ ಅಡಿಗೆಯು ತಾಮ್ರ, ಹಿತ್ತಾಳೆಗಳನ್ನು ಮುಟ್ಟಿ ಕೆಡಬಾರದೆಂದು ಹಿಂದೆ ಪಾತ್ರೆಯ ಒಳಮೈಗೆ ಕಲಾಯಿ ಮಾಡಿಸುತ್ತಿದ್ದರು. ಕಲಾಯಿಯವನು ಬೀದಿಯಲ್ಲಿ ತಿದಿಯೊತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರವನ್ನು ಅರಳೆಯಿಂದ ಸವರಿದೊಡನೆ ಒಳಮೈ ಬೆಳ್ಳಿಯಂತಾಗುವುದನ್ನು ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಸ್ಟೀಲು, ಪ್ಲಾಸ್ಟಿಕ್‌ಗಳು ಮನೆ ತುಂಬಿದ ಮೇಲೆ ಆ ಕಸುಬು ಅಪರೂಪವಾಯಿತು. ಅಜ್ಜಿಯ ಕಾಲದ ಗಂಗಾಳ, ಹಂಡೆಗಳು ತೂಕಕ್ಕೆ ಮಾರಾಟವಾಗಿ ಕರಗಿಹೋಗುತ್ತಿವೆ. ಹೊರಗೆ ಹೊಂಬಣ್ಣ, ಒಳಗೆ ಬೆಳ್ಳಿಬಣ್ಣವಿರುವ ಕಲಾಯಿಯ ಪಾತ್ರೆ ಎರಡು ಲೋಹಗಳನ್ನು ಒಂದರಲ್ಲೇ ಕಲಿಸುತ್ತಿತ್ತು. ಅದನ್ನು ಕಣ್ಣಾರೆ ಕಾಣದ ಮಗು ಅಚ್ಚಾದ ಚಿತ್ರವನ್ನು ನೋಡಿ ನಕಲು ಮಾಡಬೇಕಾಗುತ್ತದೆ. ನಕಲಿನಲ್ಲಿ ಕಣ್ಣಿಗೆ ಕೆಲಸವಿಲ್ಲ.

ಪ್ರತಿಯೊಂದು ಶಾಲೆಯೂ ಒಂದು ಗೂಡನ್ನು ಇದಕ್ಕೆಂದು ಮೀಸಲಿಡುವುದು ದುಸ್ಸಾಧ್ಯವಲ್ಲ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಬಿದ್ದಿರುವ ತಂಬಿಗೆ, ಗಂಗಾಳ, ಗಂಟೆ, ಕೋಡಣಸುಗಳಲ್ಲಿ ಒಂದೊಂದು ಬಂದರೂ ಗೂಡು ತುಂಬುತ್ತದೆ. ಸೊಟ್ಟಾಗಿದ್ದರೂ ಸರಿಯೇ, ಸೊಟ್ಟಿನಲ್ಲಿ ಪ್ರತಿಬಿಂಬ ಇನ್ನೂ ಸೊಗಸು. ದಪ್ಪ ಕಾಗದವೂ ಒಳ್ಳೆಯ ಕುಂಚವೂ ಬಡ ಮಕ್ಕಳಿಗೆ ದುಬಾರಿ. ದಾನಿಗಳ ನೆರವು ಸಲ್ಲಬೇಕಾದುದು ಅಲ್ಲಿ. ಚಿತ್ರಕಲೆಯ ಅವಧಿಯನ್ನು ಪರೀಕ್ಷೆ ಹತ್ತಿರವಾದಾಗ ಬೇರೆ ವಿಷಯಕ್ಕೆ ಕೊಡುವ ಪದ್ಧತಿಯನ್ನು ಬಿಡುವುದು ಉಪಾಧ್ಯಾಯರ ಕೈಯಲ್ಲಿದೆ.

ಆರಂಭದ ಅಭ್ಯಾಸವಾಗಿ ಒಂದನ್ನು ಸೂಚಿಸಬಹುದು. ಕಂದುಗಟ್ಟಿದ ತಂಬಿಗೆಯ ಅರ್ಧವನ್ನು ಮಾತ್ರ ಮಕ್ಕಳ ಕೈಯಿಂದಲೇ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಚಿತ್ರ ಬರೆಸಬೇಕು. ಲೋಹವೊಂದೇ, ಆಕಾರವೊಂದೇ, ಬೆಳಕೂ ಒಂದೇ. ಒಂದು ಬದಿಯಲ್ಲಿ ಕೋಣೆಯೆಲ್ಲ ಮೂಡಿರುತ್ತದೆ, ಇನ್ನೊಂದು ಬದಿಯಲ್ಲಿ ಏನೂ ಇರುವುದಿಲ್ಲ. ಆ ದಿನ ಮಗುವಿನ ಕೈ ಹಳದಿಯ ಕಡೆಗೆ ಹೋಗುವ ಮುನ್ನ ಒಂದು ಗಳಿಗೆ ತಡೆಯುತ್ತದೆ; ತಲೆಯೆತ್ತಿ ತಂಬಿಗೆಯನ್ನು ಮತ್ತೊಮ್ಮೆ ನೋಡುತ್ತದೆ. ಚಿತ್ರ ಹೇಗೇ ಬರಲಿ, ಆ ಎರಡನೆಯ ನೋಟದಲ್ಲಿ ಪಾಠ ಫಲಿಸಿದೆಯೆಂದು ಉಪಾಧ್ಯಾಯರು ತಿಳಿಯಬಹುದು.