ತುಂಬದ ಗುಂಡಿ, ಕೆಡುವ ಬಾವಿ



"ನಮ್ಮ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಹದಿನೈದು ವರ್ಷವಾಯಿತು, ಇನ್ನೂ ತುಂಬಿಲ್ಲ" ಎಂದು ಹೆಮ್ಮೆಯಿಂದ ಹೇಳುವವರು ನಮ್ಮ ಕಾಸರಗೋಡು ಸೀಮೆಯಲ್ಲಿ ಅನೇಕರು. ಆದರೆ ತುಂಬಬೇಕಾದದ್ದು ಎಲ್ಲಿಗೆ ಹೋಯಿತು ಎಂದು ನಾವು ಕೇಳಿಕೊಳ್ಳಬೇಕು.

ಟ್ಯಾಂಕಿನೊಳಗೆ ಭಾರವಾದ ಅಂಶ ತಳಕ್ಕಿಳಿದು ಕೆಸರಾಗುತ್ತದೆ. ಜಿಡ್ಡು ಮೇಲೆ ಕೆನೆಗಟ್ಟುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವಂತೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರಿನ ಒಂದು ಭಾಗವನ್ನು ಕರಗಿಸುತ್ತವೆ. ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಅದು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಸೋಸಿ ಶುದ್ಧಗೊಳಿಸುವ ಕೆಲಸ ಮಣ್ಣಿನದು.

ಈ ವ್ಯವಸ್ಥೆ ಕೆಡಲು ಮುಖ್ಯ ಕಾರಣಗಳು ಇವು:

1. ಕೆಸರು ತೆಗೆಸದಿರುವುದು. ಎರಡು ಮೂರು ವರ್ಷಗಳಿಗೊಮ್ಮೆ ತೆಗೆಸದಿದ್ದರೆ ಕೆಸರು ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಒಮ್ಮೆ ಮುಚ್ಚಿದ ಮಣ್ಣು ಸುಲಭದಲ್ಲಿ ತೆರೆಯದು.

2. ಮಳೆನೀರು ಸೇರಿಸುವುದು. ಮಾಡಿನ ನೀರು, ಅಂಗಳದ ನೀರು ಟ್ಯಾಂಕಿಗೆ ನುಗ್ಗಿದರೆ ತಳದ ಕೆಸರು ಕದಡಿ ಹೊರಗೆ ಹೋಗುತ್ತದೆ. ಆಟಿ ತಿಂಗಳಲ್ಲಿ ಕಕ್ಕಸಿನ ನೀರು ಇಳಿಯದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

3. ಒಳಗೆ ಹೋಗುವ ಮತ್ತು ಹೊರಗೆ ಬರುವ ಕಡೆಗಳಲ್ಲಿ 'ಟಿ' ಆಕಾರದ ಪೈಪು ಇಡದಿರುವುದು. ಅದಿಲ್ಲದಿದ್ದರೆ ಮೇಲಿನ ಕೆನೆ ನೇರವಾಗಿ ಇಂಗುಗುಂಡಿ ಸೇರುತ್ತದೆ.

4. ಬಟ್ಟೆ, ಪ್ಲಾಸ್ಟಿಕ್, ಅಡುಗೆಯ ಎಣ್ಣೆ ಹಾಕುವುದು, ಆಸಿಡ್ ಮತ್ತು ಫಿನಾಯಿಲನ್ನು ಧಾರಾಳವಾಗಿ ಸುರಿಯುವುದು. ಮೊದಲಿನವು ಪೈಪನ್ನು ಕಟ್ಟುತ್ತವೆ, ಕೊನೆಯವು ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ.

5. ಟ್ಯಾಂಕಿನ ಮೇಲೆ ವಾಹನ ಓಡಿಸುವುದು, ಹತ್ತಿರದಲ್ಲೇ ಮರ ನೆಡುವುದು. ಭಾರದಿಂದ ಚಪ್ಪಡಿ ಬಿರಿಯುತ್ತದೆ, ಬೇರು ಪೈಪಿನೊಳಗೆ ನುಗ್ಗುತ್ತದೆ.

6. ತಳಕ್ಕೆ ಕಾಂಕ್ರೀಟ್ ಹಾಕದೆ ಕಟ್ಟುವುದು. "ತುಂಬದ ಟ್ಯಾಂಕ್" ಅನೇಕ ವೇಳೆ ಇದೇ.

ಈ ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಮನೆಯವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ನಮ್ಮ ಮುರಕಲ್ಲಿನಲ್ಲಿ ತೂತುಗಳೂ ಬಿರುಕುಗಳೂ ಇವೆ. ಕಲ್ಲಿನೊಳಗೆ ನೀರು ದಾರಿ ಮಾಡಿಕೊಳ್ಳುತ್ತದೆ ಎಂಬುದು ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದ ನಮ್ಮ ಹಿರಿಯರಿಗೆ ಗೊತ್ತಿತ್ತು. ಮಲಿನ ನೀರೂ ಅದೇ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಸೋಸುವ ಒಣ ಮಣ್ಣು ಉಳಿಯುವುದಿಲ್ಲ. ಆಗ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬಾವಿಯ ಮೂಲಕ ಮನೆಗೆ ಬರುತ್ತವೆ. ಕೇರಳದ ಕಟ್ಟಡ ನಿಯಮಗಳು ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಇಂತಹ ಗುಂಡಿಗೆ ಅವಕಾಶ ಕೊಡುವುದಿಲ್ಲ. ಅದು ಕನಿಷ್ಠ ಅಂತರ. ಜಾಗವಿದ್ದವರು ಇನ್ನೂ ದೂರ, ಬಾವಿಗಿಂತ ತಗ್ಗಿನಲ್ಲಿ ಕಟ್ಟಿಸಲಿ. ನೆರೆಯವರ ಬಾವಿಯನ್ನೂ ಅಳತೆಗೆ ಸೇರಿಸಿಕೊಳ್ಳಬೇಕು.

ಕಕ್ಕಸಿನ ನೀರು ನಿಧಾನವಾಗಿ ಇಳಿಯುವುದು, ಗುಳುಗುಳು ಸದ್ದು, ದುರ್ವಾಸನೆ, ಇಂಗುಗುಂಡಿಯ ಮೇಲೆ ಬೇಸಿಗೆಯಲ್ಲೂ ಹಸಿರು ಹುಲ್ಲು, ಇವು ಎಚ್ಚರಿಕೆಯ ಗುರುತುಗಳು. ಸಂಶಯವಿದ್ದರೆ ಬಾವಿ ನೀರನ್ನು ಪರೀಕ್ಷೆ ಮಾಡಿಸಿರಿ. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ; ಕುದಿಸಿದ ನೀರಿಗೆ ತಣ್ಣೀರು ಬೆರೆಸಬೇಡಿರಿ.

ಕೆಸರನ್ನು ಬೇಸಿಗೆಯಲ್ಲೇ ಯಂತ್ರದ ಲಾರಿಯಿಂದ ತೆಗೆಸಿರಿ. ಹಸಿ ಕೆಸರನ್ನು ಅಡಿಕೆ ತೋಟಕ್ಕೋ ತೋಡಿಗೋ ಬಿಡಬಾರದು. ಕೂಲಿಯಾಳನ್ನು ಗುಂಡಿಗೆ ಇಳಿಸಲೇಬಾರದು. ಒಳಗಿನ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ದೇವರ ಮುಂದೆಯೂ ಅದು ಸಣ್ಣ ಲೆಕ್ಕವಲ್ಲ.

ಪಾಳೆಯದ ಹೊರಗೆ ಮಲವನ್ನು ಮಣ್ಣಿನಿಂದ ಮುಚ್ಚಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿದೆ. ಶುಚಿತ್ವ ಅಲ್ಲಿ ಒಬ್ಬನ ಸೌಕರ್ಯವಲ್ಲ, ಇಡೀ ಸಮುದಾಯದ ಹೊಣೆ. ಈ ಬೇಸಿಗೆಯಲ್ಲಿ ಪ್ರತಿ ಮನೆಯವರೂ ಟ್ಯಾಂಕಿನ ಮುಚ್ಚಳ ತೆಗೆಸಿ ಕೆಸರು ಎಷ್ಟಿದೆಯೆಂದು ಹೊರಗಿನಿಂದಲೇ ಕೋಲಿನಿಂದ ಅಳೆಸಿ ನೋಡೋಣ. ಆ ಹೊತ್ತಿಗೆ ಬೆಂಕಿ ಹತ್ತಿರ ತರಬಾರದು, ಮಕ್ಕಳನ್ನು ದೂರವಿಡಬೇಕು. ನೆರೆಯವನನ್ನು ಪ್ರೀತಿಸುವುದು ಅವನ ಬಾವಿಯನ್ನು ಕಾಯುವುದರಿಂದಲೂ ಆರಂಭವಾಗಲಿ.