ಒಂದೇ ಊರು, ಎರಡು ವರದಿ

ಮಗಳೇ, ಮುಂಬಯಿ ಸುತ್ತಿ ಊರು ಸೇರಿದ ಮೇಲೆ ನೀನು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಳಿಯಂದಿರು ಫೋನ್ ಮಾಡಿ ಹೇಳಿದ್ದನ್ನೂ ಕೇಳಿದೆ. ನಿನ್ನ ಪ್ರಕಾರ ಬರೀ ಸೆಕೆ, ನೂಕುನುಗ್ಗಲು, ಕಾಲುನೋವು, ಟ್ಯಾಕ್ಸಿಯವನ ಮೋಸ. ಅವರ ಪ್ರಕಾರ ಇಂಥ ಊರು ಇನ್ನೊಂದಿಲ್ಲ. ಹೋದದ್ದು ಇಬ್ಬರೂ ಒಟ್ಟಿಗೇ ತಾನೇ ಎಂದು ನನಗೇ ಸಂಶಯ ಬಂತು.

ಡೊಂಬಿವಲಿಯ ಈ ಮನೆಯಲ್ಲಿ ಊರಿನಿಂದ ಬಂದ ಎಷ್ಟೋ ಜೋಡಿಗಳು ಉಳಿದು ಹೋಗಿದ್ದಾರೆ. (ನೀವು ಲಾಡ್ಜ್ ಹಿಡಿದಿರಿ, ಅದರ ಲೆಕ್ಕ ಆಮೇಲೆ ಮಾತಾಡೋಣ.) ಬೆಳಿಗ್ಗೆ ನಗುತ್ತಾ ಹೊರಟವರು ರಾತ್ರಿ ಒಬ್ಬರ ಮುಖ ಇನ್ನೊಬ್ಬರು ನೋಡದೆ ಊಟ ಮಾಡುವುದು ನನಗೆ ಹೊಸತಲ್ಲ. ಬರುವ ಚಳಿಗಾಲಕ್ಕೆ ಕೋಲ್ಕತ್ತಾ ಅಂತ ನೀವಿಬ್ಬರೂ ಆಗಲೇ ಶುರು ಮಾಡಿದ್ದೀರಂತೆ. ಟಿಕೆಟ್ ಮಾಡಿಸುವ ಮೊದಲು ಇಷ್ಟು ಕೇಳಿಸಿಕೋ.

ನಿಮ್ಮ ಜಗಳಕ್ಕೆ ಅವರೂ ಕಾರಣ ಅಲ್ಲ, ನೀನೂ ಅಲ್ಲ. ಮೊಬೈಲಿನಲ್ಲಿ ಬರೆದುಕೊಂಡು ಬಂದಿರಲ್ಲ, ಆ ಪಟ್ಟಿ. ಒಂದೇ ದಿನ ಬೆಳಿಗ್ಗೆ ಬೋರಿವಲಿಯ ಕಾನ್ಹೇರಿ ಗುಹೆ, ಮಧ್ಯಾಹ್ನ ಹಾಜಿ ಅಲಿ, ಸಂಜೆ ಕೊಲಾಬಾ! ಬೋರಿವಲಿಯಿಂದ ಚರ್ಚ್‌ಗೇಟಿಗೆ ಮೂಡಬಿದಿರೆಯಿಂದ ಮಂಗಳೂರಿಗೆ ಹೋದಷ್ಟು ದೂರ ಮಾರಾಯ್ತಿ. ಊರು ಒಂದೇ ಅಂದ ಮಾತ್ರಕ್ಕೆ ಎಲ್ಲವೂ ಪಕ್ಕಪಕ್ಕದಲ್ಲಿ ಇರುತ್ತದೆಯೇ? ದೊಡ್ಡ ಊರನ್ನು ಕೇರಿ ಹಿಡಿದು ನೋಡಬೇಕು, ಹೆಸರು ಹಿಡಿದು ಅಲ್ಲ.

ನೋಡು, ಅಳಿಯಂದಿರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರು ಕಲ್ಲಿನ ಕೆತ್ತನೆ ನೋಡುತ್ತಾ ನಿಂತರು, ನೀನು ಬಿಸಿಲಲ್ಲಿ ಸುಟ್ಟುಹೋದೆ ಅಂದೆ. ಅವರ ತಪ್ಪೇನು? 1888ರಲ್ಲಿ ಮುಗಿದ ಕಟ್ಟಡ ಅದು. ಅದರ ಮೇಲಿನ ಹೂಬಳ್ಳಿ, ಪ್ರಾಣಿಪಕ್ಷಿಗಳಲ್ಲಿ ಬಹಳಷ್ಟು ಇಲ್ಲಿಯದೇ ಕಲಾಶಾಲೆಯ ಹುಡುಗರ ಕೈಕೆಲಸ. ನೋಡಬೇಕಾದದ್ದೇ. ಆದರೆ ಅಲ್ಲಿಂದ ಹತ್ತು ನಿಮಿಷ ನಡೆದಿದ್ದರೆ ಕ್ರಾಫರ್ಡ್ ಮಾರ್ಕೆಟ್. ಅದರ ಬಾಗಿಲಿನ ಮೇಲೆ ರೈತರ ಉಬ್ಬುಶಿಲ್ಪ ಇದೆ, ರುಡ್ಯಾರ್ಡ್ ಕಿಪ್ಲಿಂಗನ ಅಪ್ಪ ಲಾಕ್‌ವುಡ್ ಕಿಪ್ಲಿಂಗ್ ರೂಪಿಸಿದ್ದು. ರುಡ್ಯಾರ್ಡ್ ಹುಟ್ಟಿದ್ದು ಅಲ್ಲೇ ಎದುರಿನ ಜೆ.ಜೆ. ಕಲಾಶಾಲೆಯ ಆವರಣದಲ್ಲಿ. ಅವರು ಕತ್ತೆತ್ತಿ ಅದನ್ನು ನೋಡುವಷ್ಟರಲ್ಲಿ ನೀನು ಹಣ್ಣು, ಡಬ್ಬಿ, ಚಮಚ ಎಲ್ಲ ನೋಡಿ ಮುಗಿಸಿ, ಪಕ್ಕದ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ರವಿಕೆ ಬಟ್ಟೆ ಆರಿಸುತ್ತಿದ್ದೆ. ಒಬ್ಬರು ನೋಡುವುದನ್ನೇ ಇನ್ನೊಬ್ಬರೂ ನೋಡಬೇಕು ಎಂಬ ಹಟ ಪ್ರವಾಸಕ್ಕೆ ಬೇಡ. ಇಂಥ ಹೊತ್ತಿಗೆ ಇಂಥ ಕಂಬದ ಹತ್ತಿರ ಸೇರೋಣ ಅಂದುಕೊಂಡು ಬೇರೆಬೇರೆ ಹೋದರೆ ದಾಂಪತ್ಯವೇನೂ ಕೆಡುವುದಿಲ್ಲ. ತಿರುಗಿ ಸಿಕ್ಕಾಗ ಮಾತಾಡಲು ವಿಷಯವಾದರೂ ಇರುತ್ತದೆ.

ಇನ್ನು ಎಲಿಫೆಂಟಾ. ಗೇಟ್‌ವೇವರೆಗೆ ಹೋದ ಮೇಲೆ ಗೊತ್ತಾಯಿತಂತೆ, ಸೋಮವಾರ ಗುಹೆಗೆ ರಜೆ ಅಂತ. ಕಾನ್ಹೇರಿಗೂ ಅದೇ ವಾರ ರಜೆ. ದಿನವಿಡೀ ಮುಖ ಊದಿಸಿಕೊಂಡು ಲಾಡ್ಜಿನಲ್ಲಿ ಕೂತಿರಂತಲ್ಲ, ನನಗೊಂದು ಫೋನ್ ಮಾಡಿದ್ದರೆ ಬೈಕಲಾಕ್ಕೆ ಕಳಿಸುತ್ತಿದ್ದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಅಲ್ಲಿದ್ದ ಒಂದು ಕಲ್ಲಾನೆಯಿಂದ. ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋದಾಗ ಒಡೆದುಹೋಯಿತು. ಆಮೇಲೆ ಚೂರುಗಳನ್ನು ಜೋಡಿಸಿದರು. ಈಗ ಅದು ಇರುವುದು ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದ ತೋಟದಲ್ಲಿ. ಆ ಮ್ಯೂಸಿಯಂಗೆ ರಜೆ ಬುಧವಾರ. ಗುಹೆ ತಪ್ಪಿದರೂ ಹೆಸರು ಕೊಟ್ಟ ಆನೆ ಸಿಗುತ್ತಿತ್ತು. ತಪ್ಪಿಹೋದ ಒಂದರ ಸಿಟ್ಟಿನಲ್ಲಿ ದಿನವನ್ನೇ ಬಿಟ್ಟುಕೊಟ್ಟಿರಿ, ನನಗೆ ಬೇಜಾರಾದದ್ದು ಅದಕ್ಕೆ.

ಲೋಕಲ್ ರೈಲಿನ ಕತೆಯಲ್ಲಿ ಮಾತ್ರ ನಾನು ಅರ್ಧ ನಿನ್ನ ಪರ, ಅರ್ಧ ಅವರ ಪರ. ಮಾಟುಂಗಾಕ್ಕೆ ಹೋಗಬೇಕಾದವರು ಫಾಸ್ಟ್ ಹತ್ತಿದಿರಿ. ಫಾಸ್ಟ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ದಾದರ್ ಬಿಟ್ಟರೆ ಕುರ್ಲಾ. ನೀನು ಲೇಡೀಸ್ ಡಬ್ಬಿಯಲ್ಲಿ, ಅವರು ಜನರಲ್‌ನಲ್ಲಿ. ಅವರಿಗೆ ಅದು ಸಾಹಸ, ನಿನಗೆ ಎದೆ ಡವಡವ. ಹೆಂಡತಿ ಹೆದರಿ ಇಳಿದು ಬಂದಾಗ ಗಂಡ ನಗಬಾರದು. ಇದನ್ನು ಅವರಿಗೂ ಓದಿ ಹೇಳು. ಆದರೆ ನೀನೂ ಒಂದು ತಿಳಿದುಕೋ. ಕೂತ ಕೂಡಲೇ ಒಬ್ಬಳು ‘ಕುಠೆ ಉತರಣಾರ್’ ಅಂದಳು, ಓಡಿಸಲು ನೋಡಿದಳು ಅಂತ ದೂರಿದೆಯಲ್ಲ, ಅದು ಜಗಳ ಅಲ್ಲ. ಎಲ್ಲಿ ಇಳಿಯುತ್ತೀ ಅಂತ ಕೇಳಿ ನಿನ್ನ ನಂತರ ಆ ಸೀಟು ನನಗೆ ಅಂತ ಗೊತ್ತುಮಾಡಿಕೊಳ್ಳುವ ಇಲ್ಲಿಯ ಪದ್ಧತಿ. ಮೂವರ ಸೀಟಿನಲ್ಲಿ ನಾಲ್ಕನೆಯವಳು ಅಂಚಿನಲ್ಲಿ ಅರ್ಧ ಕೂರುತ್ತಾಳೆ, ಅದೂ ಪದ್ಧತಿಯೇ. ಪರವೂರಿನಲ್ಲಿ ಅವಮಾನ ಅಂತ ಕಂಡದ್ದು ಎಷ್ಟೋ ಸಲ ಅಲ್ಲಿಯ ರೂಢಿ ಆಗಿರುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಈ ಹೊತ್ತಿನಲ್ಲಿ ಮಾತ್ರ ನೋಡಲು ಬಂದವರು ರೈಲಿಗೆ ಹೋಗಲೇಬೇಡಿ. ದಿನಾ ದುಡಿಯಲು ಹೋಗುವವರ ಹೊತ್ತು ಅದು.

ಕೊನೆಗೂ ಮಾಟುಂಗಾ ಸೇರಿ, ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿದಿರಂತೆ. ಇಬ್ಬರ ವರದಿಯೂ ಒಂದೇ ಆಗಿರುವುದು ಆ ಒಂದು ಜಾಗದಲ್ಲಿ! ಅದಕ್ಕೆ ಸಾರು ಚೆನ್ನಾಗಿದ್ದದ್ದು ಮಾತ್ರ ಕಾರಣ ಅಲ್ಲ. ಅಲ್ಲಿಯವರೆಗೆ ನೀವು ಜಗಳ ಅಂದುಕೊಂಡದ್ದರಲ್ಲಿ ಮುಕ್ಕಾಲು ಹಸಿವು. ನೀನು ಹಸಿವಾಗುತ್ತಿದೆ ಅಂತ ಬಾಯಿಬಿಟ್ಟು ಹೇಳುವವಳಲ್ಲ, ಅವರು ಕೇಳುವವರಲ್ಲ. ಇನ್ನು ಮುಂದೆ ಹೇಳು.

ಟ್ಯಾಕ್ಸಿಯವನು ಮೀಟರ್ ಕೆಟ್ಟಿದೆ ಅಂದದ್ದಕ್ಕೆ ರಾತ್ರಿಯೆಲ್ಲ ಲೆಕ್ಕ ಹಾಕಿದಿರಂತೆ. ದಾದರ್ ಕಡೆ ರಿಕ್ಷಾ ಯಾಕೆ ಸಿಗಲಿಲ್ಲ ಅಂತಲೂ ಕೇಳಿದೆ. ಮಾಹಿಮ್, ಸಾಯನ್ ದಾಟಿ ದಕ್ಷಿಣಕ್ಕೆ ಬರಲು ರಿಕ್ಷಾಕ್ಕೆ ಪರವಾನಗಿ ಇಲ್ಲ, ಅಷ್ಟೆ. ಮೀಟರ್ ಹಾಕದಿದ್ದರೆ ಇಳಿದು ಇನ್ನೊಂದು ಹಿಡಿಯಬೇಕು. ಮೋಸಹೋದ ಮೇಲೆ ‘ನಾನು ಹೇಳಲಿಲ್ಲವಾ’ ಅನ್ನುವ ಮಾತು ಮಾತ್ರ ಬೇಡ. ಹೊರಡುವಾಗಲೇ ಪರ್ಸಿನ ಒಂದು ಮೂಲೆಯಲ್ಲಿ ‘ಹೋದರೆ ಹೋಗಲಿ’ ಅಂತ ಸ್ವಲ್ಪ ದುಡ್ಡು ಬೇರೆ ಇಡಿ.

ಅವರ ಮುಂಬಯಿ ಸುಳ್ಳಲ್ಲ, ನಿನ್ನದೂ ಸುಳ್ಳಲ್ಲ. ಅವರು ಚೆಂದ ಅಂದಾಗ ನೀನು ನಡುವೆ ಬಾಯಿ ಹಾಕಬೇಡ. ನೀನು ಕಷ್ಟ ಹೇಳುವಾಗ ಅವರು ತಿದ್ದುವುದು ಬೇಡ. ನೆಂಟರ ಎದುರಿಗಂತೂ ಬೇಡವೇ ಬೇಡ.

ಕೋಲ್ಕತ್ತಾದಲ್ಲಿ ಇಂಡಿಯನ್ ಮ್ಯೂಸಿಯಂಗೂ ವಿಕ್ಟೋರಿಯಾ ಮೆಮೋರಿಯಲ್ ಒಳಗಿನ ಗ್ಯಾಲರಿಗೂ ಸೋಮವಾರವೇ ರಜೆ, ಈಗಲೇ ಬರೆದಿಟ್ಟುಕೋ. ಹೌರಾದಲ್ಲಿ ಇಳಿದವರು ಟ್ಯಾಕ್ಸಿ ಸಾಲಿನಲ್ಲೇ ನಿಲ್ಲಬೇಕೆಂದಿಲ್ಲ. ಎದುರಿನ ಘಾಟಿನಿಂದ ಹೂಗ್ಲಿ ದಾಟಿಸುವ ದೋಣಿ ಸಿಗುತ್ತದೆ, ಸೇತುವೆ ಚೆನ್ನಾಗಿ ಕಾಣುವುದೂ ಅಲ್ಲಿಂದಲೇ. ಅಳಿಯಂದಿರು ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ತೆಗೆಯುತ್ತಾರೆ, ನನಗೆ ಗೊತ್ತು. ಮೊದಲು ತಿಂಡಿ ತಿನ್ನಿ ಅನ್ನು. 1943ರಿಂದ ಅಲ್ಲೇ ನಿಂತ ಸೇತುವೆ, ಇನ್ನರ್ಧ ಗಂಟೆ ನಿಲ್ಲುತ್ತದೆ.